ದುಂಡನೆಯ ಕಂಟ್ರೋಲ್‌ನಲ್ಲಿ ಬೆರಳು ತಾಗಿದ್ದು ಯಾವ ಭಾಗಕ್ಕೆ? ನಾಲ್ಕು ದಾರಿಗಳ ಹೋಲಿಕೆ

ದುಂಡನೆಯ ಮೆನು, ಬಣ್ಣ ಆರಿಸುವ ಚಕ್ರ, ರಿಮೋಟ್ ಆ್ಯಪ್‌ನ ದಿಕ್ಕಿನ ಗುಂಡಿ, ಒತ್ತಿದರೆ ವಿವರ ತೋರಿಸುವ ಪೈ ಚಾರ್ಟ್: ಇವೆಲ್ಲದರಲ್ಲೂ ಕೋಡ್ ಉತ್ತರಿಸಬೇಕಾದ ಪ್ರಶ್ನೆ ಒಂದೇ. ಬೆರಳು ತಾಗಿದ ಬಿಂದು ಯಾವ ಭಾಗದೊಳಗಿದೆ? ಸಿಸ್ಟಮ್ ಕೈಗೆ ಕೊಡುವುದು ಒಂದು ಎಕ್ಸ್, ಒಂದು ವೈ, ಅಷ್ಟೇ. ಗುಂಡಿಗಳು ಆಯತಾಕಾರವಾಗಿದ್ದರೆ ಉಳಿದದ್ದನ್ನೂ ಅದೇ ನೋಡಿಕೊಳ್ಳುತ್ತದೆ. ದುಂಡಗಿನದಕ್ಕೆ ದಾರಿಯನ್ನು ನಾವೇ ಆರಿಸಬೇಕು.

ಬಳಕೆಯಲ್ಲಿರುವ ದಾರಿಗಳು ನಾಲ್ಕು: ಕೋನದ ಲೆಕ್ಕ ಹಾಕುವುದು; ಪ್ರತಿ ಭಾಗದ ಪಾತ್ (ಆಕಾರದ ಅಂಚಿನ ಗೆರೆ) ಇಟ್ಟುಕೊಂಡು ಬಿಂದು ಅದರೊಳಗಿದೆಯೇ ಎಂದು ಕೇಳುವುದು; ಪ್ರತಿ ಭಾಗವನ್ನೂ ಬೇರೆ ಬೇರೆ ಎಲಿಮೆಂಟ್ (ಪುಟದ ಬಿಡಿ ಘಟಕ) ಮಾಡಿ ಪತ್ತೆಯ ಕೆಲಸವನ್ನು ಬ್ರೌಸರ್‌ಗೆ ಬಿಡುವುದು; ಕಾಣದ ಚಿತ್ರವೊಂದರಲ್ಲಿ ಬಣ್ಣ ಓದುವುದು. ವೇಗ ನೋಡಿ ಆರಿಸಬೇಡಿ. ಒಂದು ಟ್ಯಾಪ್‌ಗೆ ನಾಲ್ಕೂ ಸಾಕಷ್ಟು ವೇಗವಾಗಿಯೇ ಇವೆ. ನೋಡಬೇಕಾದ್ದು ಇದು: ಚಿತ್ರ ಬಿಡಿಸುವ ಕೋಡ್ ಮತ್ತು ಸ್ಪರ್ಶ ಪತ್ತೆ ಹಚ್ಚುವ ಕೋಡ್ ಒಂದೇ ಅಂಕಿಗಳನ್ನು ಓದುತ್ತವೆಯೇ? ಆರಂಭದ ಕೋನ, ಭಾಗಗಳ ಅಗಲ, ಒಳ-ಹೊರ ತ್ರಿಜ್ಯ ಎರಡು ಕಡೆ ಬೇರೆ ಬೇರೆಯಾಗಿ ಬರೆದಿದ್ದರೆ, ಯಾರೋ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟ ದಿನ ಕಣ್ಣಿಗೆ ಕಂಡ ಭಾಗ ಒಂದು, ಓಡಿದ ಆಜ್ಞೆ ಇನ್ನೊಂದು ಆಗುತ್ತದೆ. ನಿಮ್ಮ ಚಿತ್ರ ಹೇಗೆ ತಯಾರಾಗುತ್ತದೋ ಅದಕ್ಕೆ ಹತ್ತಿರವಾದ ದಾರಿಯೇ ನಿಮ್ಮ ದಾರಿ.

ಕೋನದ ಲೆಕ್ಕ

ಭಾಗಗಳೆಲ್ಲ ಸಮನಾಗಿದ್ದರೆ ಇದಕ್ಕಿಂತ ಚಿಕ್ಕ ದಾರಿಯಿಲ್ಲ. ಒಂದು ಉದಾಹರಣೆ ಹಿಡಿದೇ ಹೋಗೋಣ. 240 × 240 ಚೌಕದೊಳಗೆ ಒಂದು ಚಕ್ರ. ಕೇಂದ್ರ (120, 120), ಹೊರ ತ್ರಿಜ್ಯ 120, ನಡುವಿನ ಖಾಲಿ ಜಾಗದ ತ್ರಿಜ್ಯ 40, ಭಾಗಗಳು 6. ಮೊದಲ ಭಾಗ ಗಡಿಯಾರದ 12ರ ಜಾಗದಲ್ಲಿ ಶುರುವಾಗಿ ಪ್ರದಕ್ಷಿಣವಾಗಿ 60° ಹರಡಿದೆ. ಬೆರಳು (60, 170)ರಲ್ಲಿ ತಾಗಿತು ಎನ್ನಿ.

ಮೊದಲು ಕೇಂದ್ರವನ್ನು ಕಳೆಯಬೇಕು: ಡಿಎಕ್ಸ್ = 60 − 120 = −60; ಡಿವೈ = 170 − 120 = 50. ಆಮೇಲೆ ದೂರ. ಎರಡರ ವರ್ಗ ಕೂಡಿಸಿದರೆ 3600 + 2500 = 6100. ವರ್ಗಮೂಲ ತೆಗೆಯುವ ಅಗತ್ಯವಿಲ್ಲ. 40ರ ವರ್ಗ 1600, 120ರ ವರ್ಗ 14400, ಇವೆರಡರ ನಡುವೆ 6100 ಇರುವುದರಿಂದ ಸ್ಪರ್ಶ ಬಳೆಯ ಮೇಲೆಯೇ ಬಿದ್ದಿದೆ. ಈಗ ಕೋನ: ಎಟ್ಯಾನ್2(ಡಿಎಕ್ಸ್, −ಡಿವೈ). ಎಟ್ಯಾನ್2 ಎಂದರೆ ಎರಡು ಅಂತರಗಳನ್ನು ಕೊಟ್ಟರೆ ಕೋನ ಹೇಳುವ ಫಂಕ್ಷನ್. ಸಿಕ್ಕ ರೇಡಿಯನ್ ಅನ್ನು 180 ÷ π ಇಂದ ಗುಣಿಸಿದರೆ −129.8°. ಋಣ ಬಂದಾಗ 360 ಕೂಡಿಸಿ: 230.2°. ಇದನ್ನು 60ರಿಂದ ಭಾಗಿಸಿದರೆ 3.84, ಕೆಳಗಿನ ಪೂರ್ಣಾಂಕ 3. ಎಣಿಕೆ 0ಯಿಂದ ಶುರುವಾಗುವುದರಿಂದ ಅದು ನಾಲ್ಕನೆಯ ಭಾಗ. ಚಿತ್ರ ನೋಡಿದರೂ ಸರಿಹೋಗುತ್ತದೆ: ಬಿಂದು ಕೆಳಗಡೆ ಎಡಕ್ಕಿದೆ, 180° ಕೆಳಗೆ, 270° ಎಡಕ್ಕೆ.

ಎಟ್ಯಾನ್2ಗೆ ಡಿಎಕ್ಸ್ ಮೊದಲು, ಡಿವೈ ಆಮೇಲೆ ಅದೂ ಋಣ ಮಾಡಿ ಕೊಟ್ಟದ್ದು ಅನೇಕರಿಗೆ ತಪ್ಪಾಗಿ ಕಾಣುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್, ಸ್ವಿಫ್ಟ್ ಎಲ್ಲದರಲ್ಲೂ ಇದರ ರೂಢಿಯ ಕ್ರಮ ವೈ ಮೊದಲು, ಎಕ್ಸ್ ಆಮೇಲೆ. ಹಾಗೆ ಕೊಟ್ಟರೆ 0° ಬೀಳುವುದು 3ರ ಜಾಗದಲ್ಲಿ. ಪರದೆಯ ಮೇಲೆ ವೈ ಕೆಳಕ್ಕೆ ಹೋದಂತೆ ಹೆಚ್ಚುವುದರಿಂದ ಕೋನ ಪ್ರದಕ್ಷಿಣವಾಗಿ ಬೆಳೆಯುತ್ತದೆ, ಶಾಲೆಯ ರೇಖಾಗಣಿತದಂತೆ ಅಪ್ರದಕ್ಷಿಣವಾಗಿ ಅಲ್ಲ. ಮೇಲಿನ ಬಿಂದುವಿಗೆ ರೂಢಿಯ ಕ್ರಮದಲ್ಲಿ ಬರುವುದು 140.2°, ಅಂದರೆ ಮೂರನೆಯ ಭಾಗ. ಜಾಗ ಬದಲಿಸಿ ಚಿಹ್ನೆ ತಿರುಗಿಸಿದರೆ 0° ನೇರವಾಗಿ 12ಕ್ಕೆ ಬರುತ್ತದೆ. 90° ಕೂಡಿಸುವ ಗೊಡವೆ ಇರುವುದಿಲ್ಲ. ಎರಡೂ ಸರಿಯೇ, ಆದರೆ ಒಂದು ಪ್ರಾಜೆಕ್ಟ್‌ನಲ್ಲಿ ಒಂದೇ ಇರಲಿ. ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ತಾಳೆ ನೋಡುವವರಿಗೆ ಒಂದು ಎಚ್ಚರಿಕೆ: ಎಕ್ಸೆಲ್‌ನ ಎಟ್ಯಾನ್2 ಎಕ್ಸ್ ಅನ್ನು ಮೊದಲು ಕೇಳುತ್ತದೆ.

ಮೊದಲ ಭಾಗದ ಗಡಿ 12ರಲ್ಲಿದೆಯೋ ಅಥವಾ ಆ ಭಾಗದ ನಡು 12ರಲ್ಲಿದೆಯೋ ಎಂಬುದು ಉತ್ತರವನ್ನೇ ಬದಲಿಸುತ್ತದೆ. ನಡು ಅಲ್ಲಿದ್ದರೆ ಭಾಗಿಸುವ ಮೊದಲು ಅರ್ಧ ಭಾಗ, ಇಲ್ಲಿ 30°, ಕೂಡಿಸಬೇಕು. 260.2 ÷ 60 = 4.34, ಅದೇ ಬಿಂದು ಈಗ ಐದನೆಯ ಭಾಗದ್ದು. ಐಕಾನ್ ಇಟ್ಟ ಮೆನುಗಳಲ್ಲಿ ಸಾಮಾನ್ಯವಾಗಿ ನಡುವೇ 12ರಲ್ಲಿರುತ್ತದೆ. "ಅರ್ಧ ಭಾಗ ಸರಿ ಬರುತ್ತದೆ, ಉಳಿದರ್ಧ ಪಕ್ಕದ್ದನ್ನು ತೋರಿಸುತ್ತದೆ" ಎಂಬ ದೂರು ಬಂದರೆ ಬೇರೆಲ್ಲೂ ಹುಡುಕದೆ ಮೊದಲು ಇದನ್ನೇ ನೋಡಿ.

ಶೇಷ ತೆಗೆಯುವ ಚಿಹ್ನೆಯನ್ನು ನಂಬಿ 360 ಕೂಡಿಸುವುದನ್ನು ಬಿಡಬೇಡಿ. ಪೈಥಾನ್‌ನಲ್ಲಿ −30ರ ಶೇಷ 330 ಬರುತ್ತದೆ. ಜಾವಾ, ಜಾವಾಸ್ಕ್ರಿಪ್ಟ್, ಸಿ, ಸ್ವಿಫ್ಟ್‌ಗಳಲ್ಲಿ −30 ಆಗಿಯೇ ಉಳಿಯುತ್ತದೆ, ಅರೇಯಲ್ಲಿ −1ನೆಯ ಜಾಗ ಹುಡುಕುತ್ತದೆ. ಇನ್ನೊಂದು ಅಪರೂಪದ ಬಿರುಕು: 0ಗಿಂತ ಕೂದಲೆಳೆಯಷ್ಟು ಕಡಿಮೆ ಇರುವ ಕೋನಕ್ಕೆ 360 ಕೂಡಿಸಿದರೆ ದಶಮಾಂಶ ಹತ್ತಿರದ ಅಂಕಿಗೆ ಸರಿದು ಸರಿಯಾಗಿ 360 ಆಗಬಹುದು. ಆಗ ಭಾಗದ ಸಂಖ್ಯೆ 6, ಇರುವುದು 0ಯಿಂದ 5. ಕೊನೆಯಲ್ಲಿ ಭಾಗದ ಸಂಖ್ಯೆಯನ್ನು ಮತ್ತೊಮ್ಮೆ 6ರಿಂದ ಶೇಷ ತೆಗೆದರೆ ಇದು ಮುಗಿಯಿತು.

ನಡುವಿನ ಖಾಲಿ ಜಾಗ ಅಲಂಕಾರಕ್ಕಲ್ಲ. ಕೇಂದ್ರದಿಂದ 10 ಪಿಕ್ಸೆಲ್ ದೂರದಲ್ಲಿ ಬೆರಳು ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದರೆ ಕೋನ ಸುಮಾರು 5.7° ಬದಲಾಗುತ್ತದೆ, 100 ಪಿಕ್ಸೆಲ್ ದೂರದಲ್ಲಿ 0.57° ಮಾತ್ರ. ಸರಿಯಾಗಿ ಕೇಂದ್ರವನ್ನೇ ಮುಟ್ಟಿದರೆ ಎಟ್ಯಾನ್2 ದೋಷ ಹೇಳುವುದಿಲ್ಲ. ಸೊನ್ನೆಯ ಚಿಹ್ನೆ ನೋಡಿ 0° ಅಥವಾ 180° ಕೊಟ್ಟು ಸುಮ್ಮನಾಗುತ್ತದೆ. ಆದ್ದರಿಂದ ಚಿತ್ರದಲ್ಲಿ ತೂತು ಇಲ್ಲದಿದ್ದರೂ ಲೆಕ್ಕದಲ್ಲಿ ಒಂದು ಸತ್ತ ವಲಯ (ಸ್ಪರ್ಶವನ್ನು ಎಣಿಸದ ಜಾಗ) ಇರಲೇಬೇಕು. ದೂರದ ಪರೀಕ್ಷೆಯನ್ನು ಕೋನಕ್ಕಿಂತ ಮೊದಲು ಮಾಡಿ.

ಭಾಗಗಳು ಅಸಮವಾಗಿದ್ದರೂ ಈ ದಾರಿ ಬಿಡಬೇಕಿಲ್ಲ. ಪ್ರತಿ ಭಾಗದ ಕೊನೆಯ ಕೋನವನ್ನು ಕೂಡುತ್ತಾ ಹೋಗಿ ಒಂದು ಪಟ್ಟಿ ಇಟ್ಟುಕೊಳ್ಳಿ, ಉದಾಹರಣೆಗೆ 72, 200, 245, 360. ನಿಮ್ಮ ಕೋನಕ್ಕಿಂತ ದೊಡ್ಡದಾದ ಮೊದಲ ಅಂಕಿ ಯಾವುದೋ ಅದೇ ಭಾಗ. ಹತ್ತಿಪ್ಪತ್ತು ಭಾಗಗಳಿಗೆ ಸಾಲಾಗಿ ಹುಡುಕಿದರೆ ಸಾಕು. ಕೊನೆಯ ಅಂಕಿಯನ್ನು ಕೂಡಿಸಿ ಪಡೆಯದೆ 360 ಎಂದೇ ಬರೆಯಿರಿ. ಶೇಕಡಾವಾರು ಕೂಡಿದಾಗ 359.9999 ಬಂದು ಕೊನೆಯ ಗೆರೆಯ ಹತ್ತಿರದ ಸ್ಪರ್ಶ ಯಾವ ಭಾಗಕ್ಕೂ ಸೇರದೆ ಹೋಗಬಹುದು.

ದಿಕ್ಕಿನ ಗುಂಡಿಯಂತೆ ನಾಲ್ಕೇ ಭಾಗ ಇದ್ದರೆ ತ್ರಿಕೋನಮಿತಿಯೇ ಬೇಡ. ಚಿಹ್ನೆ ಬಿಟ್ಟು ನೋಡಿದಾಗ ಡಿಎಕ್ಸ್ ಡಿವೈಗಿಂತ ದೊಡ್ಡದಾದರೆ ಎಡ ಅಥವಾ ಬಲ, ಇಲ್ಲವಾದರೆ ಮೇಲೆ ಅಥವಾ ಕೆಳಗೆ. ಚಿಹ್ನೆ ಉಳಿದದ್ದನ್ನು ಹೇಳುತ್ತದೆ. ಎಂಟು ದಿಕ್ಕಿಗೆ 22.5°ಯ ಟ್ಯಾಂಜೆಂಟ್ 0.414 ಸೇರಿಸಿದರೆ ಆಯಿತು: ಚಿಕ್ಕದು ದೊಡ್ಡದರ 0.414 ಪಟ್ಟಿಗಿಂತ ಹೆಚ್ಚಿದ್ದರೆ ಓರೆ ದಿಕ್ಕು. ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ಲದ ಮೈಕ್ರೋಕಂಟ್ರೋಲರ್‌ಗಳಲ್ಲಿ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಚಕ್ರ ತಿರುಗಿದ್ದರೆ ತಿರುಗಿದಷ್ಟು ಕೋನವನ್ನು ಕಳೆದು ಮತ್ತೆ 0–360ಕ್ಕೆ ತನ್ನಿ. ಅಂಡಾಕಾರವಾಗಿ ಹಿಗ್ಗಿಸಿದ್ದರೆ ಡಿಎಕ್ಸ್ ಅನ್ನು ಅಡ್ಡ ತ್ರಿಜ್ಯದಿಂದ, ಡಿವೈಯನ್ನು ನೆಟ್ಟ ತ್ರಿಜ್ಯದಿಂದ ಮೊದಲೇ ಭಾಗಿಸಿ. ಆಗ ಹೊರ ಅಂಚು ಎಂದರೆ 1.

ಪಾತ್‌ಗೆ ಕೇಳುವುದು

ಚಿತ್ರವನ್ನು ಈಗಾಗಲೇ ಪಾತ್‌ಗಳಿಂದ ಬಿಡಿಸುತ್ತಿದ್ದರೆ, ಭಾಗಗಳ ನಡುವೆ ಸಂದು, ದುಂಡಾದ ಮೂಲೆ, ಹೊರಚಾಚಿದ ತುಂಡು ಇದ್ದರೆ, ಕೋನದ ಲೆಕ್ಕಕ್ಕೆ ತೇಪೆ ಹಚ್ಚುವ ಬದಲು ಇದಕ್ಕೇ ಬನ್ನಿ. ಬಿಡಿಸಿದ ಪಾತ್ ಅನ್ನೇ ಕೇಳುವುದರಿಂದ ಚಿತ್ರಕ್ಕೂ ಪತ್ತೆಗೂ ತಾಳ ತಪ್ಪುವುದಿಲ್ಲ. ಆದರೆ ಪ್ರತಿ ಪ್ಲಾಟ್‌ಫಾರ್ಮ್‌ನಲ್ಲೂ ಒಂದೊಂದು ಮುಳ್ಳಿದೆ.

ವೆಬ್ ಪುಟದಲ್ಲಿ ಚಿತ್ರ ಬಿಡಿಸುವ ಕ್ಯಾನ್ವಾಸ್‌ನ ಈಸ್‌ಪಾಯಿಂಟ್‌ಇನ್‌ಪಾತ್‌ನಲ್ಲಿ ಪಾತ್‌ಗೆ ಆಗ ಜಾರಿಯಲ್ಲಿರುವ ಟ್ರಾನ್ಸ್‌ಫಾರ್ಮ್ (ಹಿಗ್ಗಿಸುವ, ತಿರುಗಿಸುವ ಬದಲಾವಣೆ) ಅನ್ವಯಿಸುತ್ತದೆ, ನೀವು ಕೊಡುವ ಬಿಂದುವಿಗೆ ಅನ್ವಯಿಸುವುದಿಲ್ಲ. ಪಿಕ್ಸೆಲ್ ಅನುಪಾತ 2 ಇರುವ ಪರದೆಗಾಗಿ ಸ್ಕೇಲ್ ಹಾಕಿದ್ದು ಪರೀಕ್ಷೆಯ ಹೊತ್ತಿಗೂ ಜಾರಿಯಲ್ಲಿದ್ದರೆ (60, 170) ಬದಲು (120, 340) ಕೊಡಬೇಕು. ಸಾಧಾರಣ ಮಾನಿಟರ್‌ನಲ್ಲಿ ಸರಿಯಾಗಿ ಓಡಿ ಫೋನ್‌ನಲ್ಲಿ ಎಲ್ಲ ಸ್ಪರ್ಶವೂ ಮೇಲಿನ ಎಡ ಮೂಲೆಗೆ ಎಳೆದಂತಾದರೆ ಕಾರಣ ಇದೇ. ಗೆರೆಯ ಮೇಲಿನ ಬಿಂದುವನ್ನು ಒಳಗಿನದೆಂದೇ ಎಣಿಸುವುದರಿಂದ ಅಂಟಿಕೊಂಡ ಎರಡು ಭಾಗಗಳೂ ಹೌದು ಎನ್ನಬಹುದು; ಮೊದಲು ಹೌದು ಎಂದದ್ದನ್ನು ತೆಗೆದುಕೊಂಡು ಹುಡುಕಾಟ ನಿಲ್ಲಿಸಿ. ಇಡೀ ಬಳೆಯನ್ನು ಒಂದೇ ದಿಕ್ಕಿನ ಎರಡು ವೃತ್ತಗಳಿಂದ ಕಟ್ಟಿದ್ದರೆ ಗೆರೆಗಳ ದಿಕ್ಕು ನೋಡಿ ಒಳಗೆ-ಹೊರಗೆ ಹೇಳುವ ನಾನ್‌ಝೀರೋ ನಿಯಮದಲ್ಲಿ ತೂತೂ ಒಳಗೇ ಎನಿಸುತ್ತದೆ. ದಾಟಿದ ಗೆರೆಗಳನ್ನು ಎಣಿಸುವ ಈವನ್‌ಆಡ್ ನಿಯಮ ಕೇಳಿ, ಇಲ್ಲವೇ ಒಳ ವೃತ್ತವನ್ನು ಉಲ್ಟಾ ದಿಕ್ಕಿನಲ್ಲಿ ಎಳೆಯಿರಿ.

ಐಒಎಸ್‌ನ ಯುಐಬೆಜಿಯರ್‌ಪಾತ್ ಮುಚ್ಚದ ಪಾತ್‌ನೊಳಗಿನ ಬಿಂದುವನ್ನು ಒಳಗಿದೆ ಎನ್ನುವುದಿಲ್ಲ, ಅದೇ ಜಾಗಕ್ಕೆ ಬಣ್ಣ ತುಂಬಿದ್ದರೂ ಸಹ. ಕಣ್ಣಿಗೆ ಭಾಗ ಪೂರ್ತಿ ಕಾಣುತ್ತದೆ, ಸ್ಪರ್ಶ ಮಾತ್ರ ಸತ್ತಿರುತ್ತದೆ. ಪಾತ್ ಕೊನೆಗೆ ಕ್ಲೋಸ್ ಮರೆತಿರುತ್ತದೆ. ಶೇಪ್ ಲೇಯರ್‌ನ ಹಿಟ್‌ಟೆಸ್ಟ್ ಕೂಡ ಪಾತ್ ನೋಡುವುದಿಲ್ಲ, ಆಯತವನ್ನಷ್ಟೇ ನೋಡುತ್ತದೆ. ಆಂಡ್ರಾಯ್ಡ್‌ನಲ್ಲಿ ರೀಜನ್‌ಗೆ ಪಾತ್ ಕೊಡುವಾಗ ಜೊತೆಗೆ ಕ್ಲಿಪ್ ರೀಜನ್ ಒಂದನ್ನು ಕೊಡಬೇಕು. ಅದು ಖಾಲಿಯಾಗಿದ್ದರೆ ಉತ್ತರ ಯಾವಾಗಲೂ ಇಲ್ಲ ಎಂದೇ. ವ್ಯೂನ ಇಡೀ ಅಗಲ-ಎತ್ತರ ಕೊಡಿ, ಗಾತ್ರ ಬದಲಾದಾಗ ಮಾತ್ರ ರೀಜನ್‌ಗಳನ್ನು ಮರುಕಟ್ಟಿ. ಅಲ್ಲಿ ಡ್ರಾಆರ್ಕ್‌ನ 0° ಕೂಡ 3ರ ಜಾಗದಲ್ಲೇ. 12ರಿಂದ ಬೇಕೆಂದರೆ −90ರಿಂದ ಶುರುಮಾಡಿ.

ಪ್ರತಿ ಭಾಗವೂ ಒಂದು ಎಲಿಮೆಂಟ್

ವೆಬ್‌ನಲ್ಲಿ ಎಸ್‌ವಿಜಿ (ಗೆರೆ-ಆಕಾರಗಳಿಂದ ಚಿತ್ರ ವಿವರಿಸುವ ರೂಪ) ಬಳಸುತ್ತಿದ್ದರೆ ಪ್ರತಿ ಭಾಗಕ್ಕೊಂದು ಪಾತ್ ಎಲಿಮೆಂಟ್ ಇಟ್ಟು ಅದರ ಮೇಲೆಯೇ ಕ್ಲಿಕ್ ಕೇಳುವುದು ಎಲ್ಲಕ್ಕಿಂತ ಕಡಿಮೆ ಕೋಡ್. ಗಣಿತವಿಲ್ಲ. ಜೂಮ್, ತಿರುಗಿಸುವಿಕೆ, ಪರದೆಯ ಅನುಪಾತ ಎಲ್ಲವನ್ನೂ ಬ್ರೌಸರ್ ನೋಡಿಕೊಳ್ಳುತ್ತದೆ. ಕೀಬೋರ್ಡ್ ಫೋಕಸ್, ಸ್ಕ್ರೀನ್ ರೀಡರ್‌ಗೆ ಹೆಸರು, ಹೋವರ್ ಬಣ್ಣ ಇವೆಲ್ಲ ಭಾಗಭಾಗಕ್ಕೂ ಸಿಗುತ್ತವೆ. ಕೆಲವೇ ಭಾಗಗಳ ವೆಬ್ ಮೆನುವಿಗೆ ಬೇರೆ ದಾರಿ ಹುಡುಕುವ ಅಗತ್ಯವೇ ಇಲ್ಲ ಎಂಬುದು ನಮ್ಮ ನಿಲುವು.

ಎಡವುವ ಜಾಗಗಳು ಗೊತ್ತಿರಲಿ. ಭಾಗದ ಮೇಲೆ ಕೂತ ಅಕ್ಷರ, ಐಕಾನ್‌ಗಳು ಸ್ಪರ್ಶವನ್ನು ನುಂಗುತ್ತವೆ. ಅವುಗಳಿಗೆ ಪಾಯಿಂಟರ್-ಇವೆಂಟ್ಸ್ ನನ್ (ಸ್ಪರ್ಶ ಹಿಡಿಯಬೇಡ ಎಂಬ ಸೂಚನೆ) ಕೊಡಿ. ಬಣ್ಣ ತುಂಬದ ಭಾಗ ತನ್ನ ಒಳಜಾಗದಲ್ಲಿ ಸ್ಪರ್ಶ ಹಿಡಿಯುವುದಿಲ್ಲ, ಅಂಚಿನ ಗೆರೆಯಲ್ಲಿ ಮಾತ್ರ ಹಿಡಿಯುತ್ತದೆ. ಪಾಯಿಂಟರ್-ಇವೆಂಟ್ಸ್ ಆಲ್ ಬೇಕು. 180°ಗಿಂತ ದೊಡ್ಡ ಭಾಗಕ್ಕೆ ಆರ್ಕ್ ಆಜ್ಞೆಯಲ್ಲಿ ದೊಡ್ಡ ಕಮಾನಿನ ಫ್ಲ್ಯಾಗ್ 1 ಆಗಬೇಕು. ಪೂರ್ತಿ 360°ಯ ಒಂದೇ ಭಾಗ ಬಂದರೆ ಆರಂಭ ಮತ್ತು ಕೊನೆ ಒಂದೇ ಬಿಂದುವಾಗಿ ಕಮಾನೇ ಮಾಯವಾಗುತ್ತದೆ, ಅದನ್ನು ಎರಡು ಅರ್ಧಗಳಾಗಿ ಎಳೆಯಿರಿ. ಒಂದೇ ವರ್ಗದ ಡೇಟಾ ಉಳಿದಾಗ ಪೈ ಚಾರ್ಟ್ ಖಾಲಿಯಾಗುವುದು ಇದರಿಂದಲೇ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಎಳೆಯುವ ಸನ್ನೆ. ಬೆರಳನ್ನು ಎತ್ತದೆ ಒಂದು ಭಾಗದಿಂದ ಇನ್ನೊಂದಕ್ಕೆ ಜಾರಿಸಿದಾಗ ಬ್ರೌಸರ್ ಸ್ಪರ್ಶವನ್ನು ಅದು ಶುರುವಾದ ಎಲಿಮೆಂಟ್‌ಗೇ ಕಟ್ಟಿಹಾಕಿರುತ್ತದೆ. ಪಕ್ಕದ ಭಾಗಕ್ಕೆ ಸುದ್ದಿಯೇ ಹೋಗುವುದಿಲ್ಲ. ಮೌಸ್‌ನಲ್ಲಿ ಹೀಗಾಗುವುದಿಲ್ಲವಾದ್ದರಿಂದ ಡೆಸ್ಕ್‌ಟಾಪ್‌ನಲ್ಲಿ ಪರೀಕ್ಷಿಸಿದವರಿಗೆ ಸಮಸ್ಯೆ ಕಾಣುವುದಿಲ್ಲ. ಪಾಯಿಂಟರ್‌ಡೌನ್‌ನಲ್ಲಿ ಆ ಹಿಡಿತವನ್ನು ಬಿಡಿಸಿ, ಅಥವಾ ಪ್ರತಿ ಚಲನೆಗೂ ಎಲಿಮೆಂಟ್‌ಫ್ರಮ್‌ಪಾಯಿಂಟ್ ಕೇಳಿ. ಜೊತೆಗೆ ಟಚ್-ಆ್ಯಕ್ಷನ್ ನನ್ ಇಲ್ಲದಿದ್ದರೆ ಪುಟ ಸ್ಕ್ರಾಲ್ ಆಗತೊಡಗಿ ಸನ್ನೆ ಅರ್ಧಕ್ಕೇ ರದ್ದಾಗುತ್ತದೆ. ಎಳೆಯುವುದೇ ಮುಖ್ಯ ಬಳಕೆಯಾದರೆ ಎಲಿಮೆಂಟ್‌ಗಳನ್ನು ಚಿತ್ರಕ್ಕೂ ಸ್ಕ್ರೀನ್ ರೀಡರ್‌ಗೂ ಇಟ್ಟುಕೊಂಡು, ಬೆರಳಿನ ಪತ್ತೆಯನ್ನು ಕೋನದ ಲೆಕ್ಕಕ್ಕೆ ಕೊಡಿ.

ಕಾಣದ ಬಣ್ಣದ ಚಿತ್ರ

ಅದೇ ಆಕಾರಗಳನ್ನು ತೆರೆಮರೆಯ ಕ್ಯಾನ್ವಾಸ್‌ನಲ್ಲಿ ಭಾಗಕ್ಕೊಂದು ಬಣ್ಣದಲ್ಲಿ ಬಿಡಿಸಿ, ತಾಗಿದ ಜಾಗದ ಒಂದು ಪಿಕ್ಸೆಲ್ ಓದುವುದು. ನೂರಾರು ಒರಟು ಆಕಾರಗಳಿದ್ದಾಗ, ಅಥವಾ ಕಲಾವಿದರು ಕೊಟ್ಟ ಬಿಟ್‌ಮ್ಯಾಪ್ ಚಿತ್ರ ಮಾತ್ರ ಕೈಯಲ್ಲಿದ್ದಾಗ ಇದು ಒಳ್ಳೆಯ ದಾರಿ. ಶುದ್ಧ ಚಕ್ರಕ್ಕೆ ಇದು ಬೇಡ. ಅಂಚುಗಳನ್ನು ನಯ ಮಾಡುವಾಗ ಎರಡು ಬಣ್ಣ ಬೆರೆತು ಮೂರನೆಯದಾಗುತ್ತದೆ. ಬಣ್ಣಗಳು 1, 2, 3 ಎಂದು ಒತ್ತೊತ್ತಾಗಿದ್ದರೆ 1 ಮತ್ತು 3ರ ನಡುವಿನ ಗೆರೆ 2 ಎಂದು ಓದುತ್ತದೆ. ಕ್ಯಾನ್ವಾಸ್‌ನಲ್ಲಿ ಪಾತ್‌ಗಳ ಈ ನಯಗೊಳಿಸುವಿಕೆಯನ್ನು ನಿಲ್ಲಿಸುವ ಸ್ವಿಚ್ ಇಲ್ಲ. ಗೊತ್ತಿರುವ ಬಣ್ಣಗಳಿಗೆ ಸರಿಯಾಗಿ ಹೊಂದದಿದ್ದರೆ ಆ ಸ್ಪರ್ಶವನ್ನು ಕೈಬಿಡಬೇಕು. ಗೌಪ್ಯತೆ ಕಾಯುವ ಕೆಲವು ಬ್ರೌಸರ್‌ಗಳು ಕ್ಯಾನ್ವಾಸ್‌ನಿಂದ ಓದಿದ ಪಿಕ್ಸೆಲ್‌ಗಳನ್ನು ಬೇಕೆಂದೇ ಕೆಡಿಸಿ ಕೊಡುತ್ತವೆ ಎಂಬುದೂ ನೆನಪಿರಲಿ.

ಬೆರಳಿಗೆ ಜಾಗ ಸಾಲುತ್ತದೆಯೇ

ದಾರಿ ಎಷ್ಟೇ ಸರಿಯಿದ್ದರೂ ಭಾಗ ಕಿರಿದಾಗಿದ್ದರೆ ಬಳಸುವವರು ತಪ್ಪು ಒತ್ತುತ್ತಾರೆ. ಆ್ಯಪಲ್ ಕೇಳುವುದು ಕನಿಷ್ಠ 44 × 44 ಪಾಯಿಂಟ್, ಗೂಗಲ್‌ನ ಮೆಟೀರಿಯಲ್ ಕೇಳುವುದು 48 × 48 ಡಿಪಿ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 (ವೆಬ್ ಎಲ್ಲರಿಗೂ ಬಳಸಲು ಆಗುವಂತಿರಬೇಕೆಂಬ ಮಾರ್ಗಸೂಚಿ) ತನ್ನ ಎಎ ಮಟ್ಟಕ್ಕೆ 24 × 24 ಸಿಎಸ್‌ಎಸ್ ಪಿಕ್ಸೆಲ್ ಎನ್ನುತ್ತದೆ. ನಮ್ಮ 240ರ ಚಕ್ರದಲ್ಲಿ 8 ಭಾಗ ಮಾಡಿದರೆ ಬಳೆಯ ನಡುಗೆರೆಯಲ್ಲಿ, ಅಂದರೆ ತ್ರಿಜ್ಯ 80ರಲ್ಲಿ, ಒಂದು ಭಾಗದ ಅಗಲ 62.8; ಒಳ ಅಂಚಿನಲ್ಲಿ 31.4. 12 ಭಾಗ ಮಾಡಿದರೆ ನಡುವೆ 41.9, ಒಳಗೆ 20.9. ತಿರುಗಿಸಿ ಲೆಕ್ಕ ಹಾಕಲು ಸೂತ್ರ: ತ್ರಿಜ್ಯ = ಬೇಕಾದ ಅಗಲ × ಭಾಗಗಳು ÷ 2π. 48 ಅಗಲದ 8 ಭಾಗಕ್ಕೆ 61, 12 ಭಾಗಕ್ಕೆ 92. ಇಷ್ಟು ತ್ರಿಜ್ಯ ಒಳ ಅಂಚಿನಲ್ಲೇ ಸಿಗದಿದ್ದರೂ ನಡುಗೆರೆಯಲ್ಲಾದರೂ ಸಿಗಬೇಕು. ಹೊರ ಅಂಚಿನಾಚೆ 10–12 ಘಟಕದಷ್ಟು ಸ್ಪರ್ಶವನ್ನು ಒಪ್ಪಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕೋನ ಸ್ಪಷ್ಟವಾಗಿರುತ್ತದೆ. ಒಳಗಡೆ ಆ ಉದಾರತೆ ಬೇಡ.

ಟ್ಯಾಪ್ ಮಾತ್ರ ಸಾಕಾದರೆ ಬೆರಳು ಇಟ್ಟಾಗಿನ ಭಾಗ, ಎತ್ತಿದಾಗಿನ ಭಾಗ ಎರಡೂ ಒಂದೇ ಆಗಿದ್ದರೆ ಮಾತ್ರ ಕೆಲಸ ನಡೆಸಿ. ಎಳೆಯುವಾಗ ಗಡಿಯ ಮೇಲೆ ನಿಂತ ಬೆರಳು ಎರಡು ಭಾಗಗಳ ನಡುವೆ ಮಿಣಮಿಣ ಬದಲಾಗುವುದನ್ನು ತಡೆಯಲು, ಗಡಿ ದಾಟಿ ಸುಮಾರು 4° ಹೋದ ಮೇಲೆ ಹೊಸ ಭಾಗಕ್ಕೆ ಬದಲಿಸಿ. ಈ ವ್ಯತ್ಯಾಸ ತೆಗೆಯುವಾಗ 359°ಯಿಂದ 1°ಗೆ ಹೋದದ್ದನ್ನು −358 ಎಂದು ಬಿಡದೆ −180ರಿಂದ 180ರೊಳಗೆ ತಂದು 2 ಎಂದೇ ಎಣಿಸಿ.

ಕಣ್ಣು ಕಾಣದವರು, ಕೀಬೋರ್ಡ್ ಬಳಸುವವರು ಈ ಎಕ್ಸ್-ವೈ ಆಟದಲ್ಲಿ ಮೊದಲು ಪೆಟ್ಟು ತಿನ್ನುತ್ತಾರೆ. ಇಡೀ ಚಕ್ರ ಒಂದೇ ಬಟನ್ ಆಗಿದ್ದರೆ ಎಂಟರ್ ಕೀ ಒತ್ತಿದಾಗ ಬರುವ ಕ್ಲಿಕ್‌ನ ಸ್ಥಾನ ಸಾಮಾನ್ಯವಾಗಿ (0, 0). ಕೋನದ ಲೆಕ್ಕ ಅದನ್ನು ಚಕ್ರದ ಹೊರಗಿನದೆಂದು ತಳ್ಳುತ್ತದೆ, ದೂರದ ಪರೀಕ್ಷೆ ಇಲ್ಲದಿದ್ದರೆ ಯಾವುದೋ ಭಾಗವನ್ನು ಓಡಿಸಿಬಿಡುತ್ತದೆ. ಐಒಎಸ್‌ನ ಸ್ಕ್ರೀನ್ ರೀಡರ್ ವಾಯ್ಸ್‌ಓವರ್ ಎರಡು ಬಾರಿ ತಟ್ಟಿದಾಗ ಒತ್ತುವುದು ಆಯತದ ನಡುಬಿಂದುವನ್ನು, ಅದು ನೇರ ಸತ್ತ ವಲಯದಲ್ಲಿರುತ್ತದೆ. ಭಾಗಗಳನ್ನು ಬೇರೆ ಮಾಡಿದರೂ ಒಮ್ಮೊಮ್ಮೆ ಇದು ಬಿಡುವುದಿಲ್ಲ. ಹೊರ ತ್ರಿಜ್ಯ 100, ಒಳ ತ್ರಿಜ್ಯ 60 ಇರುವ ಅರ್ಧ ಬಳೆಯ ಸುತ್ತಲಿನ ಆಯತ 200 × 100; ಅದರ ನಡು ಕೇಂದ್ರದಿಂದ 50 ದೂರ, ಅಂದರೆ ತೂತಿನೊಳಗೆ. ಐಒಎಸ್‌ನಲ್ಲಿ ಪ್ರತಿ ಭಾಗಕ್ಕೂ ಯುಐಆ್ಯಕ್ಸೆಸಿಬಿಲಿಟಿ ಎಲಿಮೆಂಟ್ ಮಾಡಿ ಅದರ ಆ್ಯಕ್ಟಿವೇಶನ್ ಪಾಯಿಂಟ್ ಅನ್ನು ಭಾಗದ ನಡುಕೋನ ಮತ್ತು ನಡುತ್ರಿಜ್ಯದಿಂದ ನೀವೇ ಕೊಡಿ. ಆಂಡ್ರಾಯ್ಡ್‌ನಲ್ಲಿ ಎಕ್ಸ್‌ಪ್ಲೋರ್‌ಬೈಟಚ್‌ಹೆಲ್ಪರ್ ಇದಕ್ಕೆಂದೇ ಇದೆ. ಅದು ಎಕ್ಸ್-ವೈ ಕೊಟ್ಟು ಯಾವ ಭಾಗ ಎಂದು ಕೇಳಿದಾಗ ಬೆರಳಿಗೆ ಬಳಸುವ ಅದೇ ಫಂಕ್ಷನ್ ಅನ್ನು ಕರೆಯಿರಿ.

ಪರೀಕ್ಷೆಗೆ ಇಡಬೇಕಾದ ಬಿಂದುಗಳು

ಪತ್ತೆ ಹಚ್ಚುವ ಭಾಗವನ್ನು ಬಿಂದು ಕೊಟ್ಟರೆ ಸಂಖ್ಯೆ ಅಥವಾ ಏನೂ ಇಲ್ಲ ಎಂದು ಹೇಳುವ ಬಿಡಿ ಫಂಕ್ಷನ್ ಆಗಿ ಬರೆದರೆ ಪರದೆಯಿಲ್ಲದೆಯೇ ಪರೀಕ್ಷಿಸಬಹುದು. ಪ್ರತಿ ಗಡಿಯ ಎರಡೂ ಬದಿಗೆ 1° ದೂರದ ಬಿಂದು, 12ರ ಗೆರೆಯ ಮೇಲಿನ ಬಿಂದು, ಕೇಂದ್ರ, ಒಳ ಅಂಚಿನ ಒಂದು ಪಿಕ್ಸೆಲ್ ಆಚೆ-ಈಚೆ ಇವಿಷ್ಟನ್ನು ಕೊಟ್ಟು ನೋಡಿ. ಚಕ್ರವನ್ನು 45° ತಿರುಗಿಸಿ ಮತ್ತೊಮ್ಮೆ ಅಷ್ಟನ್ನೂ ಓಡಿಸಿ. ಕೊನೆಗೆ ಚೌಕದ ಮೂಲೆ (2, 2). ಅದು ಕೇಂದ್ರದಿಂದ ಸುಮಾರು 167 ದೂರವಿರುವುದರಿಂದ ಉತ್ತರ ಏನೂ ಇಲ್ಲ ಎಂದೇ ಬರಬೇಕು. ನಿಜವಾದ ಪರದೆಯಲ್ಲಿ ಆ ಸ್ಪರ್ಶ ಚಕ್ರದ ಅಡಿಯಲ್ಲಿರುವ ಪಟ್ಟಿಗೋ ನಕ್ಷೆಗೋ ತಲುಪಬೇಕು. ತಲುಪದಿದ್ದರೆ ವ್ಯೂ ತನ್ನ ಇಡೀ ಆಯತವನ್ನು ಹಿಡಿದಿಟ್ಟುಕೊಂಡಿದೆ. ಐಒಎಸ್‌ನಲ್ಲಿ ಪಾಯಿಂಟ್‌ಇನ್‌ಸೈಡ್ ಅನ್ನು ಓವರ್‌ರೈಡ್ ಮಾಡಿ ವೃತ್ತದ ಹೊರಗೆ ಫಾಲ್ಸ್ ಕೊಡಿ, ಆಂಡ್ರಾಯ್ಡ್‌ನಲ್ಲಿ ಆ್ಯಕ್ಷನ್ ಡೌನ್‌ಗೆ ಫಾಲ್ಸ್ ಹಿಂತಿರುಗಿಸಿ, ವೆಬ್‌ನಲ್ಲಿ ಬಾರ್ಡರ್-ರೇಡಿಯಸ್ 50% ಅಥವಾ ಕ್ಲಿಪ್-ಪಾತ್ ಹಾಕಿದರೆ ಮೂಲೆಗಳು ತಾವಾಗಿಯೇ ಬಿಟ್ಟುಕೊಡುತ್ತವೆ.